ಅಕ್ಕನ ಕುಕ್ಕರ್ ಅಂಗಡಿ ಊರಿಗೆ ಗೊತ್ತಾದದ್ದು

ನಮ್ಮ ಭಾವನಿಗೆ ಹೊಸದುರ್ಗದ ಒಂದು ಹಾಸ್ಟೆಲಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಾಗ, ಹೊಳಲ್ಕೆರೆಯ ಅವರ ಮಿಕ್ಸಿ, ಕುಕ್ಕರ್ ರಿಪೇರಿ ಅಂಗಡಿಯನ್ನು ಮುಚ್ಚಿಬಿಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಎರಡು ಜನ ನಿಂತರೆ ಮೂರನೆಯವರು ರಸ್ತೆಯಲ್ಲಿ ಕಾಯಬೇಕಾದಂಥ ಅಂಗಡಿ ಅದು. ಅಕ್ಕ ಮಾತ್ರ, "ಮುಚ್ಚಾದು ಯಾಕೆ? ನಾನು ಕುಂತ್ಕಂತೀನಿ" ಎಂದಳು.

ಅವಳಿಗೆ ಕೆಲಸ ಬರುತ್ತಿತ್ತು. ಮಧ್ಯಾಹ್ನದ ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಕುಳಿತು, ಜಾರಿನ ಬ್ಲೇಡು ಬಿಚ್ಚುವುದು, ಬುಷ್ ಹಾಕುವುದು, ಮೋಟಾರಿನ ಕಾರ್ಬನ್ ಬದಲಿಸುವುದು ಎಲ್ಲವನ್ನೂ ಭಾವನಿಂದ ಕಲಿತಿದ್ದಳು. ಬರದೇ ಹೋದವರು ಗಿರಾಕಿಗಳು. ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ನೋಡಿದೆ. ಚೀಲದಲ್ಲಿ ಮಿಕ್ಸಿ ಹಿಡಿದು ಬಂದ ಒಬ್ಬರು ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು.

"ಯಜಮಾನ್ರು ಇಲ್ವೇನಮ್ಮ?"

"ಹೊಸದುರ್ಗದಾಗೆ ಕೆಲ್ಸಕ್ಕೆ ಸೇರ್ಕಂಡವ್ರೆ. ಏನಾಗೈತೆ ಕೊಡ್ರಿ, ನಾನೇ ನೋಡ್ತೀನಿ."

"ಇರ್ಲಿ ಬಿಡಮ್ಮ, ಅವ್ರು ಬಂದಾಗ ಬರ್ತೀನಿ."

ಅಕ್ಕ ಕೈಲಿದ್ದ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟಳು.

ನಾನು ಚಿತ್ರದುರ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಅಂದು ಸಂಜೆ ನಾನು ಬಸ್ಸಿಗೆ ಹೊರಟಾಗ ಅಕ್ಕ ಜೊತೆಗೆ ನಡೆದು ಬಂದಳು. "ಲೇ, ನಿಮ್ ಪೇಪರ್ನಾಗೆ ಒಂದು ಜಾಹೀರಾತು ಹಾಕ್ಸಿದ್ರೆ ಹೆಂಗೆ?" ಎಂದು ಕೇಳಿದಳು. ದರ ಹೇಳಿದೆ.

"ಕಾಸು ಕೊಡ್ದೆ ಪೇಪರ್ನಾಗೆ ಬರಾಕೆ ಆಗಲ್ವಾ?"

"ಸುದ್ದಿ ಆದ್ರೆ ಬರ್ತೈತೆ ಕಣಕ್ಕ. ಅಂಗಡಿ ಐತೆ ಅನ್ನಾದು ಸುದ್ದಿ ಅಲ್ಲ."

"ಹಂಗಾರೆ ಮೊದ್ಲು ನಮ್ ಓಣಿಗಾದ್ರೂ ಗೊತ್ತಾಗಂಗೆ ಮಾಡಾಣ" ಎಂದಳು.

ಮುಂದಿನ ಸಲ ಹೋದಾಗ ಅಂಗಡಿಯ ಮುಖವೇ ಬದಲಾಗಿತ್ತು. ಒಳಗಿನ ಮೂಲೆಯಲ್ಲಿದ್ದ ರಿಪೇರಿ ಮೇಜನ್ನು ಅವಳು ಬಾಗಿಲಿಗೇ ತಂದು ಹಾಕಿದ್ದಳು. ಬಸ್ಸಿಗೆ ಹೋಗುವವರು, ಬಸ್ಸಿಳಿದು ಬರುವವರು ಎಲ್ಲರ ಕಣ್ಣಿಗೂ ಅವಳ ಕೈ ಬೀಳುತ್ತಿತ್ತು. ಮೋಟಾರು ಬಿಚ್ಚಿ ಹರವಿಕೊಂಡು ಕುಳಿತ ಹೆಂಗಸನ್ನು ನೋಡಿದರೆ ಯಾರಾದರೂ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ನಿಂತವರನ್ನು ಅವಳು, "ಬರ್ರಿ, ಕುಂತ್ಕಳ್ರಿ, ಬಸ್ ಬರಾದು ತಡ ಐತೆ" ಎಂದು ಸ್ಟೂಲು ತೋರಿಸಿ ಕರೆಯುತ್ತಿದ್ದಳು. ರಿಪೇರಿಯಾದ ಜಾರನ್ನು ಹಾಗೇ ಕೊಡುತ್ತಿರಲಿಲ್ಲ. ಒಂದು ಹಿಡಿ ನೆನೆಸಿದ ಅಕ್ಕಿ ಹಾಕಿ ಅವರೆದುರೇ ರುಬ್ಬಿ, ಬೆರಳಿಗೆ ಹಿಟ್ಟು ಹಚ್ಚಿಕೊಂಡು ನೋಡಲು ಹೇಳುತ್ತಿದ್ದಳು.

ಪಕ್ಕದ ಪಾತ್ರೆ ಅಂಗಡಿ ಒಬ್ಬ ಸಾಬರದು. ಅವರ ಅಜ್ಜನ ಕಾಲಕ್ಕೂ ಹಿಂದಿನಿಂದ ಆ ಮನೆಯವರು ಪಾತ್ರೆ ವ್ಯಾಪಾರ ಮಾಡಿಕೊಂಡು ಬಂದವರು. ಅಕ್ಕ ಅವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಳು. ರಿಪೇರಿಗೆ ಬಾರದಷ್ಟು ಹಾಳಾದ ಕುಕ್ಕರ್ ಬಂದರೆ ಅವಳು, "ಇದಕ್ಕೆ ದುಡ್ ಹಾಕ್ಬ್ಯಾಡ್ರಿ, ಪಕ್ಕದಾಗೆ ಹೊಸದು ನೋಡ್ರಿ" ಎಂದು ಕಳಿಸುವುದು. ಅವರಲ್ಲಿ ಹೊಸ ಕುಕ್ಕರ್ ಕೊಂಡವರಿಗೆ ಅವರು, "ರಬ್ಬರ್ ಸಡಿಲ ಆದ್ರೆ ಪಕ್ಕದ ಅಮ್ಮನ ಹತ್ರ ಹೋಗ್ರಿ" ಎಂದು ಹೇಳುವುದು. ಅವರು ಮಾತಿಗೆ ತಪ್ಪಲಿಲ್ಲ, ಇವಳೂ ತಪ್ಪಲಿಲ್ಲ.

ಆಮೇಲೆ ವಾಟ್ಸಾಪ್ ಶುರುವಾಯಿತು. ದಿನಾ ಬೆಳಿಗ್ಗೆ ಅಡುಗೆ ಮಾಡುವಾಗಲೇ ಅಕ್ಕ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಒಂದು ಸಣ್ಣ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ಕುಕ್ಕರಿನ ರಬ್ಬರ್ ಯಾವಾಗ ಬದಲಿಸಬೇಕು, ಮಿಕ್ಸಿ ಬಿಸಿಯಾಗಿ ನಿಂತರೆ ಅದರ ಕೆಳಗಿನ ಕೆಂಪು ಗುಂಡಿ ಹೇಗೆ ಒತ್ತಬೇಕು, ಇಂಥವೇ. ಅವಳ ಮುಖ ಕಾಣುತ್ತಿರಲಿಲ್ಲ. ಕೈಬಳೆ, ಮಾತು, ಹಿಂದೆ ಒಗ್ಗರಣೆಯ ಸದ್ದು, ಅಷ್ಟೇ. ಶನಿವಾರ ಊರಿಗೆ ಬಂದ ಭಾವ ಅದನ್ನು ನೋಡಿ ತಲೆ ಕೆರೆದುಕೊಂಡರು.

"ಎಲ್ಲಾ ನೀನೇ ಹೇಳ್ಕೊಟ್ಬಿಟ್ರೆ ಅಂಗಡಿಗೆ ಯಾರ್ ಬರ್ತಾರೆ?"

"ಸಣ್ಣದನ್ನ ಮನೇಲೇ ಸರಿ ಮಾಡ್ಕಂಡೋರು ದೊಡ್ಡದಕ್ಕೆ ಯಾರ್ನ ನೆನೆಸ್ಕಂತಾರೆ? ನನ್ನೇ ಅಲ್ವಾ?"

ಹಾಗೇ ಆಯಿತು. ಅಕ್ಕಪಕ್ಕದ ಮಳಿಗೆಗಳ ಹೆಂಗಸರು, ಅಂಗನವಾಡಿ ಟೀಚರು, ಬಸ್ಸಿಗೆ ಬರುವ ಹಳ್ಳಿಯವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಯಜಮಾನರನ್ನು ಕೇಳುವವರು ಕಡಿಮೆಯಾದರು.

ಅಷ್ಟರಲ್ಲಿ ಒಂದು ಕೆಟ್ಟ ಸುದ್ದಿ ಬಂತು. ಒಂದು ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಗಂಡಸಿನ ದನಿ. ಬಸ್ ಸ್ಟ್ಯಾಂಡ್ ಹಿಂದಿನ ಹೆಂಗಸು ರಿಪೇರಿ ಮಾಡಿಕೊಟ್ಟ ಕುಕ್ಕರ್ ಸಿಡಿದು ಒಬ್ಬರ ಕೈ ಸುಟ್ಟಿದೆ, ಯಾರೂ ಅಲ್ಲಿಗೆ ಕೊಡಬೇಡಿ ಎಂದು. ಅದು ಗುಂಪಿನಿಂದ ಗುಂಪಿಗೆ ಹಾರಿ ಚಿತ್ರದುರ್ಗದಲ್ಲಿದ್ದ ನನ್ನ ಫೋನಿಗೂ ಬಂದಿತು. ನಾನು ರಜೆ ಹಾಕಿ ಮೊದಲು ಸಿಕ್ಕ ಬಸ್ಸು ಹತ್ತಿದೆ. ಭಾವ ಫೋನಿನಲ್ಲಿ, "ನಾಕ್ ದಿನ ಸುಮ್ನಿರು ಅಂತ ಅವ್ಳಿಗೆ ಹೇಳು, ಜನ ಮರೀತಾರೆ" ಎಂದರು. ನನಗೂ ಅದೇ ಸರಿ ಎನ್ನಿಸಿತ್ತು.

ಅಂಗಡಿಗೆ ಹೋದರೆ ಅಕ್ಕ ಬಾಗಿಲು ಎಳೆಯುತ್ತಿದ್ದಳು. ಮುಖ ಬಿಳುಚಿಕೊಂಡಿತ್ತು. ಭಾವನ ಮಾತು ಹೇಳಿದೆ.

"ಮರೆಯಲ್ಲ ಕಣೇ. ಮನೇಲಿ ಕುಕ್ಕರ್ ಕೂಗ್ದಾಗೆಲ್ಲ ನೆನೆಸ್ಕಂತಾರೆ. ಯಾರ ಮನೆ ಅಂತ ಪಕ್ಕದ ಸಾಬ್ರು ಹೇಳಿದ್ರು. ನಡಿ, ಹೋಗಾಣ."

ಮನೆ ಎರಡು ಬೀದಿ ಆಚೆಗಿತ್ತು. ಬಾಗಿಲಲ್ಲಿ ನಿಂತಿದ್ದ ಆ ಮನೆಯ ಅತ್ತೆ ನಮ್ಮನ್ನು ನೋಡಿದ ಕೂಡಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಈಗೇನ್ ನೋಡಾಕೆ ಬಂದಿದೀಯಮ್ಮ? ಕುಕ್ಕರ್ನಾ?"

"ಕೈ ನೋಡಾಕೆ ಬಂದೆ ಅಮ್ಮ. ಕುಕ್ಕರ್ ಆಮೇಲೆ."

ಆ ಮಾತಿಗೆ ಅವರು ಸ್ವಲ್ಪ ಸರಿದು ದಾರಿ ಬಿಟ್ಟರು. ಸೊಸೆ ನಡುಮನೆಯಲ್ಲಿ ಕುಳಿತಿದ್ದಳು. ಮುಂಗೈ ಮೇಲೆ ಬಿಸಿ ಬೇಳೆ ಬಿದ್ದು ಕೆಂಪಗಾಗಿತ್ತು. ದೇವರು ದೊಡ್ಡವನು, ಮುಖಕ್ಕೆ ಏನೂ ಆಗಿರಲಿಲ್ಲ. ಆಸ್ಪತ್ರೆಗೆ ಹೋಗಿ ಬಂದಿದ್ದಳು, ಮುಲಾಮು ಹಚ್ಚಿದ್ದರು. ಅಕ್ಕ ಅವಳ ಪಕ್ಕ ಕುಳಿತು ಹೇಗಾಯಿತೆಂದು ಪೂರ್ತಿ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕಲಿಲ್ಲ, ಅದು ನನ್ನಿಂದಲ್ಲ ಎನ್ನಲಿಲ್ಲ. ಅಡುಗೆಮನೆಯ ಗೋಡೆಗೆಲ್ಲ ಬೇಳೆ ಸಿಡಿದು ಒಣಗಿತ್ತು. ಅಕ್ಕ ಸೆರಗು ಸಿಕ್ಕಿಸಿ ಅದನ್ನು ಒರೆಸಲು ನಿಂತಳು. ಅತ್ತೆ, "ಬಿಡಮ್ಮ, ನೀನ್ಯಾಕೆ" ಎಂದರೂ ಬಿಡಲಿಲ್ಲ. ನಾನೂ ಒಂದು ಬಟ್ಟೆ ಹಿಡಿದೆ. ಗೋಡೆ ಒರೆಸಿ ಮುಗಿಸುವಷ್ಟರಲ್ಲಿ ಅತ್ತೆ ನಮಗೆ ಚಹಾ ಇಟ್ಟಿದ್ದರು.

ಆಮೇಲೇ ಕುಕ್ಕರನ್ನು ಕೈಗೆ ತೆಗೆದುಕೊಂಡದ್ದು. ರಿಪೇರಿಗೆ ಬಂದಾಗ ಅಕ್ಕ ಹಾಕಿಕೊಟ್ಟಿದ್ದ ಹೊಸ ಹಿಡಿ ಗಟ್ಟಿಯಾಗಿಯೇ ಇತ್ತು. ವಿಷಲ್ ಕೂರುವ ಕೊಳವೆಯಲ್ಲಿ ಬೇಳೆ ಸಿಪ್ಪೆ ಸಿಕ್ಕಿಕೊಂಡಿತ್ತು. ಆವಿಗೆ ಇರುವ ಇನ್ನೊಂದು ದಾರಿ ಎಂದರೆ ಮುಚ್ಚಳದ ಸೇಫ್ಟಿ ವಾಲ್ವು. ಅದು ಹಳತಾಗಿ ಬಿಗಿದುಹೋಗಿತ್ತು. ಅವರಿಗೆ ತೋರಿಸಿ ಹೇಳಿದಳು. ಅತ್ತೆ, "ಹಂಗಾರೆ ನಿನ್ ತಪ್ಪಲ್ಲ ಬಿಡು. ನಾವು ಹಿಡಿ ಹಾಕು ಅಂತ ಕೊಟ್ಟಿದ್ದು, ಹಾಕ್ಕೊಟ್ಟಿದೀಯ" ಎಂದರು. ನನಗೆ ಎದೆ ಹಗುರಾಯಿತು. ಅಕ್ಕನಿಗೆ ಆಗಲಿಲ್ಲ.

ಅಂಗಡಿಗೆ ಮರಳಿ ನನ್ನ ಕೈಗೆ ಫೋನು ಕೊಟ್ಟು, "ನಾನ್ ಮಾತಾಡ್ತೀನಿ, ಗುಂಪಿಗೆ ಹಾಕು" ಎಂದಳು. ಬರೆದುಕೊಂಡು ಓದು ಎಂದೆ. ಬೇಡವೆಂದಳು. ಒಂದೇ ಉಸಿರಿಗೆ ಹೀಗೆ ಹೇಳಿದಳು:

"ನಮಸ್ಕಾರ. ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯೋಳು ಮಾತಾಡ್ತಿದೀನಿ. ಒಬ್ರ ಮನೇಲಿ ಕುಕ್ಕರ್ ಸಿಡೀತು. ಅದಕ್ಕೆ ಹಿಡಿ ಹಾಕಿದ್ದು ನಾನೇ. ಸಿಡಿದಿದ್ದು ಕೊಳವೆ ಕಟ್ಕಂಡು, ವಾಲ್ವು ಬಿಗಿದೋಗಿದ್ದಕ್ಕೆ. ವಾಲ್ವು ನೋಡು ಅಂತ ಅವ್ರು ಹೇಳಿರ್ಲಿಲ್ಲ. ಆದ್ರೆ ನನ್ ಕೈಗೆ ಬಂದಿದ್ ಕುಕ್ಕರು, ನಾನು ನೋಡ್ಬೇಕಿತ್ತು. ನೋಡ್ಲಿಲ್ಲ. ಇವತ್ತಿಂದ ಹಿಡಿಗೆ ತರ್ರಿ, ರಬ್ಬರ್‌ಗೆ ತರ್ರಿ, ವಾಲ್ವು ನೋಡ್ದೆ ಕೊಡಲ್ಲ. ಅದಕ್ಕೆ ಕಾಸಿಲ್ಲ. ನನ್ ಹತ್ರ ಮಾಡ್ಸಿದೋರು ಎಲ್ರೂ ಒಂದ್ಸಲ ತಂದ್ ತೋರಿಸ್ರಿ. ಬೇರೆ ಕಡೆ ಮಾಡ್ಸಿದೋರೂ ತರ್ರಿ."

"ಅಕ್ಕ, 'ನೋಡ್ಲಿಲ್ಲ' ಅನ್ನಾದ್ ಒಂದು ತೆಗೀಲಾ?" ಎಂದೆ.

"ಅದು ತೆಗೆದ್ರೆ ಉಳಿದಿದ್ ಯಾರ್ ನಂಬ್ತಾರೆ? ಹಾಕು."

ಹಾಕಿದೆ. ಆ ದಿನ ಯಾರೂ ಬರಲಿಲ್ಲ. ಮರುದಿನ ಮೊದಲು ಬಂದವರು ಪಕ್ಕದ ಸಾಬರು, ಮನೆಯ ಕುಕ್ಕರನ್ನು ತಾವೇ ಹೊತ್ತು ತಂದರು. "ಎಲ್ರಿಗೂ ಕಾಣಂಗೆ ಹೊರಗಡೆ ಇಟ್ಕಂಡು ನೋಡಮ್ಮ" ಎಂದರು. ಅವರ ಹಿಂದೆ ಬಂದದ್ದು ಅದೇ ಮನೆಯ ಅತ್ತೆ. ಅವರೊಬ್ಬರೇ ಬಂದಿರಲಿಲ್ಲ, ಬೀದಿಯ ಅರ್ಧ ಹೆಂಗಸರನ್ನು ಕರೆದುಕೊಂಡು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಓಣಿಯ ತುಂಬ ಕುಕ್ಕರುಗಳು. ಅತ್ತೆ ಸ್ಟೂಲಿನ ಮೇಲೆ ಕುಳಿತು ಬಂದವರಿಗೆಲ್ಲ ನಡೆದದ್ದನ್ನು ಮೊದಲಿನಿಂದ ಹೇಳುತ್ತಿದ್ದರು. ಗೋಡೆ ಒರೆಸಿದ ಭಾಗ ಬಂದಾಗ ಅವರ ದನಿ ಎತ್ತರವಾಗುತ್ತಿತ್ತು. ಅಕ್ಕ ತಲೆ ತಗ್ಗಿಸಿ ವಾಲ್ವು ನೋಡುತ್ತಲೇ ಇದ್ದಳು. ನಾಚಿಕೆಯಾಗಿತ್ತು ಅವಳಿಗೆ, ನನಗೆ ಗೊತ್ತಾಯಿತು.

ತಾಳ್ಯದ ಮಹಿಳಾ ಸಂಘದವರು ಹೇಳಿಕಳಿಸಿದರು, ನಮ್ಮೂರಿಗೂ ಬಂದು ನೋಡಿಕೊಡಿ ಎಂದು. ಅಕ್ಕ ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ ಹೋದಳು. ಸಂಘದ ಸಭೆ ಮುಗಿದ ಮೇಲೆ ಜಗಲಿಯ ಮೇಲೇ ಕುಳಿತು ಊರಿನ ಕುಕ್ಕರುಗಳನ್ನೆಲ್ಲ ನೋಡಿದಳು. ಹಾಲುರಾಮೇಶ್ವರಕ್ಕೆ ಪೂಜೆಗೆ ಹೋದಾಗ ಅಲ್ಲಿ ಪ್ರಸಾದದ ಅಡುಗೆಯವರ ದೊಡ್ಡ ಕುಕ್ಕರನ್ನೂ ಬಿಡಲಿಲ್ಲ. ನಾನು ಈ ವಿಷಯವನ್ನು ನಮ್ಮ ಸಂಪಾದಕರಿಗೆ ಹೇಳಿದೆ. ನನ್ನ ಅಕ್ಕ ಎಂಬುದನ್ನೂ ಹೇಳಿದೆ. ಅವರು ಬೇರೆ ವರದಿಗಾರರನ್ನು ಕಳಿಸಿ ಬರೆಸಿದರು. ಅಡುಗೆಮನೆಯ ಸುರಕ್ಷತೆಗೆ ಊರೂರು ಸುತ್ತುವ ಹೆಂಗಸು ಎಂದು, ಮೇಜಿನ ಮುಂದೆ ಕುಳಿತ ಅವಳ ಫೋಟೋ ಸಮೇತ ಬಂತು. ಪುಟ ಜೋಡಿಸಿದ್ದು ನಾನೇ. ಭಾವ ಹೊಸದುರ್ಗದಲ್ಲಿ ಹಾಸ್ಟೆಲಿನ ಹುಡುಗರಿಗೆಲ್ಲ ಪೇಪರು ತೋರಿಸಿ, "ನಮ್ ಮನೆಯೋಳು" ಎಂದು ಹೇಳಿಕೊಂಡು ತಿರುಗಿದರಂತೆ.

ಈಚೆಗೆ ಹಿರಿಯೂರಿನಲ್ಲಿ, ಸಣ್ಣ ವ್ಯಾಪಾರ ಶುರುಮಾಡಿದ ಹೆಂಗಸರು ಒಂದು ಸಭೆ ಸೇರಿಸಿ ಅಕ್ಕನನ್ನು ಮಾತಾಡಲು ಕರೆದಿದ್ದರು. ಜೊತೆಗೆ ನಾನೂ ಹೋದೆ. ಭಾಷಣ ಅವಳಿಗೆ ಬರುವುದಿಲ್ಲ. ಮೈಕು ಹಿಡಿದು ನಿಂತು, ಕುಕ್ಕರ್ ಸಿಡಿದ ಕಥೆಯನ್ನೇ ಹೇಳಿ ಮುಗಿಸಿದಳು. ಆಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು.

"ಅಕ್ಕಾ, ನಾನು ಜೋಳದ ರೊಟ್ಟಿ ಮಾಡಿ ಮಾರ್ತೀನಿ. ಚೆನ್ನಾಗೇ ಮಾಡ್ತೀನಿ. ಯಾರಿಗೂ ಗೊತ್ತಿಲ್ಲ. ಬೋರ್ಡು ಬರೆಸಾಕೂ ನನ್ ಹತ್ರ ಕಾಸಿಲ್ಲ. ಏನ್ ಮಾಡ್ಲಿ?"

"ಈಗ ತಂದಿದೀಯೇನಮ್ಮ ರೊಟ್ಟಿ?"

"ಊಟಕ್ಕೆ ಅಂತ ತಂದಿದೀನಿ. ನಮ್ಮನೆಯೋರಿಗೂ ಐತೆ ಇದ್ರಾಗೆ."

"ತೆಗಿ."

ಅವಳು ಅನುಮಾನಿಸುತ್ತ ಗಂಟು ಬಿಚ್ಚಿದಳು. ತೆಳ್ಳಗಿನ ರೊಟ್ಟಿ, ಮಧ್ಯೆ ಶೇಂಗಾ ಚಟ್ನಿ. ಅಕ್ಕ ಮೈಕು ಕೆಳಗಿಟ್ಟು, ರೊಟ್ಟಿ ಮುರಿದು, ಒಂದೊಂದು ತುಂಡನ್ನು ಸಾಲಾಗಿ ಹಂಚುತ್ತ ಬಂದಳು. ಪ್ರತಿಯೊಬ್ಬರಿಗೂ, "ಇದ್ನ ಮಾಡಿದ್ದು ಆಕೆ, ಅಗೋ, ಹಸಿರು ಸೀರೆ" ಎಂದು ತೋರಿಸಿದಳು. ನನಗೂ ಒಂದು ತುಂಡು ಸಿಕ್ಕಿತು. ನಿಜಕ್ಕೂ ಚೆನ್ನಾಗಿತ್ತು. ಸಭೆಯಲ್ಲಿ ಗಲಗಲ ಶುರುವಾಯಿತು. ನಮ್ಮ ಮನೆ ಗೃಹಪ್ರವೇಶಕ್ಕೆ ಮಾಡಿಕೊಡ್ತೀಯಾ ಎಂದು ಒಬ್ಬರು, ನಮ್ಮ ಹೋಟೆಲಿಗೆ ದಿನಾ ಬೇಕು ಎಂದು ಇನ್ನೊಬ್ಬರು ಅವಳ ಸುತ್ತ ಸೇರಿದರು. ಅವಳು ಗಾಬರಿಯಲ್ಲಿ ಎಲ್ಲರಿಗೂ ಹೂಂ ಎನ್ನುತ್ತಿದ್ದಳು.

ಅಕ್ಕ ಗುಂಪಿನೊಳಗೆ ನುಗ್ಗಿ ಅವಳ ತೋಳು ಹಿಡಿದಳು. "ಎಲ್ರಿಗೂ ಹೂಂ ಅನ್ಬ್ಯಾಡ. ನಿನ್ ಕೈಲಿ ಎಷ್ಟಾಗ್ತೈತೋ ಅಷ್ಟೇ ಒಪ್ಕ. ಒಪ್ಕಂಡಿದ್ದನ್ನ ಇದೇ ರುಚಿಗೆ ಕೊಡು."

ಅವಳು ತಲೆಯಾಡಿಸಿ, ಮೊದಲು ಕೇಳಿದವರ ಕಡೆಗೆ ತಿರುಗಿ ಗೃಹಪ್ರವೇಶ ಯಾವತ್ತು ಎಂದು ವಿಚಾರಿಸತೊಡಗಿದಳು.