ಮೀನುಗಾರ ವಾಪಸ್ ಬಂದನೇ?

ತೆಲುಗು ಸೀಮೆಯ ಪಟಮಟದ ಕೋಚಿಂಗ್ ಸೆಂಟರೊಂದರಲ್ಲಿ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಸಾಹಿತ್ಯ ಪತ್ರಿಕೆಗೆ ಮಕ್ಕಳನ್ನು ತಯಾರು ಮಾಡುವುದು ನನ್ನ ಕೆಲಸ. ಒಂದು ಪುಟ್ಟ ಕಥೆ, ಕೆಳಗೆ ನಾಲ್ಕು ಆಯ್ಕೆಗಳ ಪ್ರಶ್ನೆಗಳು. ಅವತ್ತಿನ ಕಥೆಯಲ್ಲಿ ಮೀನುಗಾರನೊಬ್ಬ ಕಡಲಿಗೆ ಹೋಗಿದ್ದ. ಹೆಂಡತಿ ದಂಡೆಯ ಮೇಲೆ ಲಾಟೀನು ಹಿಡಿದು ನಿಂತಿದ್ದಳು. ಲಾಟೀನು ಯಾವುದರ ಸಂಕೇತ ಎಂದು ಕೇಳಿದ್ದಕ್ಕೆ ಇಡೀ ತರಗತಿ "ಸಿ, ನಿರೀಕ್ಷೆ!" ಎಂದು ಕೂಗಿತು. ಉಳಿದ ಉತ್ತರಗಳೂ ಸರಿ.

"ಹಾಗಾದ್ರೆ ಗಂಡ ವಾಪಸ್ ಬಂದನಾ?" ಎಂದೆ.

ಎಲ್ಲರೂ ಪ್ರಶ್ನೆಗಳ ಮೇಲೆ ಮತ್ತೊಮ್ಮೆ ಕಣ್ಣಾಡಿಸಿದರು. ಕೊನೆಗೆ ಸಿಂಧು ಎದ್ದು, "ಅದು ಪ್ರಶ್ನೆಯಲ್ಲಿಲ್ಲ ಮೇಡಂ" ಎಂದಳು. ಪ್ರಶ್ನೆಗೆ ಬೇಕಾದ ಸಾಲನ್ನಷ್ಟೇ ಹುಡುಕಿ, ಕಥೆ ಓದುತ್ತಾ ಕೂರಬೇಡಿ ಎಂದು ಸೆಂಟರಿನವರೇ ಕಲಿಸಿದ್ದರು. ಮನೆಗೆ ಹೋಗಿ ಪೂರ್ತಿ ಓದಿ ಎಂದೆ.

ಮುಂದಿನ ವಾರ ಸಿಂಧುವಿನ ಅಪ್ಪ ಬಂದರು. ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ನಾನೂ ಕನ್ನಡದವಳೆಂಬ ಸಲಿಗೆ ಬೇರೆ.

"ಮೊದ್ಲು ಚೆನ್ನಾಗೇ ಇದ್ಲು ಮೇಡಂ. ಈಗ ಪೂರ್ತಿ ಓದೋ ಚಟ ಹತ್ತಿಬಿಟ್ಟಿದೆ. ಮೀನುಗಾರ ಬರಲೇ ಇಲ್ಲ ಅಂತ ಅಳ್ತಾಳೆ. ಟೆಸ್ಟಲ್ಲಿ ಟೈಮೇ ಸಾಲ್ತಿಲ್ಲ. ಏನಾದ್ರೂ ಮಾಡಿ."

ಚಟ ಬಿಡಿಸುತ್ತೇನೆಂದು ಮಾತು ಕೊಟ್ಟು ಕಳಿಸಿದೆ. ಸಾಹಿತ್ಯ ಕಲಿಸುವುದಕ್ಕೆಂದು ತಾನೇ ನನಗೆ ಸಂಬಳ ಕೊಡುವುದು!