ಎಡ ಮುಂಗೈ ಮೇಲಿನ ಹಂಚಿನ ಕಲೆ

ಬಿಸಿಯೂಟದ ಮುಕ್ತಾಬಾಯಿ ಹತ್ತನೇ ಪಾಸಾದವಳೆಂದರೆ ರಾಜೇಶ್ವರದ ಆಚೆಯ ಆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಮಾರ್ಕ್ಸ್ ಕಾರ್ಡ್ ಇತ್ತು, ಆದರೆ ಅದರಲ್ಲಿದ್ದ ಹೆಸರು ರತ್ನಮಾಲಾ. ಮದುವೆಯ ದಿನ ಗಂಡ ಅಕ್ಕಿಯ ತಟ್ಟೆಯಲ್ಲಿ ಬೆರಳಾಡಿಸಿ ಹೊಸ ಹೆಸರು ಬರೆದಿದ್ದ. ಅಂದಿನಿಂದ ಅವಳು ಮುಕ್ತಾಬಾಯಿ.

ತಾನು ಓದಿದ ಹೈಸ್ಕೂಲಿನಲ್ಲೇ ಹನ್ನೊಂದು ವರ್ಷದಿಂದ ಅನ್ನ ಬೇಯಿಸುತ್ತಿದ್ದಳು. ಈಗ ಮುಖ್ಯ ಅಡುಗೆಯವಳ ಜಾಗ ಖಾಲಿಯಾಗಿತ್ತು. ಅದಕ್ಕೆ ಹತ್ತನೇ ಪಾಸಾದವಳೇ ಬೇಕೆಂದು ಕಮಿಟಿ ಅಧ್ಯಕ್ಷ ನರಸಿಂಗ ಹಟ ಹಿಡಿದಿದ್ದ. ಆಗಿನ ಮಾಸ್ತರರೆಲ್ಲ ವರ್ಗವಾಗಿ ಹೋಗಿದ್ದರು; ಪಕ್ಕದ ಹಳ್ಳಿಯಿಂದ ನಡೆದು ಬಂದು ಓದಿದ ಹುಡುಗಿಯ ಗುರುತು ಹೇಳುವವರು ಯಾರೂ ಉಳಿದಿರಲಿಲ್ಲ.

“ಆ ರತ್ನಮಾಲಾ ನೀನೇ ಅಂತ ಹ್ಯಾಂಗ ನಂಬೂದವ್ವಾ?”

“ನಿಮ್ಮ ಹೆಸರು ಅಕ್ಕಿ ತಟ್ಯಾಗ ಬದಲಾಗಿದ್ರ ನಿಮಗ ತಿಳೀತಿತ್ರಿ.”

ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಹೊಸದಾಗಿ ಬಂದ ಹೆಡ್‌ಮಿಸ್ ವಿಜಯಶ್ರೀ ಹಳೇ ದಾಖಲಾತಿ ರಿಜಿಸ್ಟರ್ ತೆರೆದು ಶಾಲೆಯ ಇತಿಹಾಸ ಬರೆಯುತ್ತಿದ್ದರು. ಅಂದು ಮುಕ್ತಾಬಾಯಿ ಚಾ ತಂದಾಗ ಅವರು ತಾವು ಬರೆದದ್ದನ್ನು ನರಸಿಂಗನಿಗೆ ಓದಿ ಹೇಳುತ್ತಿದ್ದರು: “ಎರಡು ಕೋಣೆ, ಒಂದು ಬೇವಿನ ಮರ. ಮೊದಲ ಬ್ಯಾಚಿನಲ್ಲಿ ಪಾಸಾದ ಒಬ್ಬಳೇ ಹುಡುಗಿ ರತ್ನಮಾಲಾ. ಮುಂದೆ ಪತ್ತೆಯಿಲ್ಲ.”

ನರಸಿಂಗ ನಕ್ಕ. “ಆ ಹುಡುಗಿ ನಾನೇ ಅಂತಾಳ್ರಿ ಈ ಚಾ ತಂದಾಕಿ.”

ವಿಜಯಶ್ರೀ ರಿಜಿಸ್ಟರಿನ ಪುಟದ ಮೇಲೆ ಬೆರಳಿಟ್ಟರು. “ಗುರುತಿನ ಚಿಹ್ನೆ: ಎಡ ಮುಂಗೈ ಮೇಲೆ ಸುಟ್ಟ ಕಲೆ, ಅರ್ಧಚಂದ್ರದಂತೆ. ಕೈ ತೋರಸ್ರಿ.”

ಮುಕ್ತಾಬಾಯಿ ಸೆರಗು ಸರಿಸಿದಳು. ಮುಂಗೈ ತುಂಬ ಕಲೆಗಳು.

“ಅಡಗಿ ಮಾಡೋರ ಕೈಯಾಗ ಇವು ಇರ್ತಾವ್ರಿ,” ಅಂದ ನರಸಿಂಗ. “ನನ್ನ ಹೆಂಡ್ತಿ ಕೈಯಾಗೂ ಅದಾವ.”

“ನೀವು ಅವರ ಕೈ ನೋಡೀರಲ್ಲ, ಅದೇ ದೊಡ್ಡದ್ರಿ,” ಎಂದಳು ಮುಕ್ತಾಬಾಯಿ. ಮಣಿಕಟ್ಟಿನ ಬಳಿ, ಎಲ್ಲಕ್ಕಿಂತ ಹಳೆಯದನ್ನು ಮುಟ್ಟಿ ತೋರಿಸಿದಳು. “ಮೂವತ್ತು ರೊಟ್ಟಿ ಬಡಿದ ಮ್ಯಾಲೇ ನನ್ನ ಸಾಲಿಗಿ ಬಿಡ್ತಿದ್ರು. ಐದನೇ ಕ್ಲಾಸಿನಾಗ ಇದ್ದಾಗ ಒಂದಿನ ಗಂಟಿ ಹೊಡೀತಂತ ಅವಸರ ಮಾಡಿ ರೊಟ್ಟಿ ಹಂಚು ಇಳಿಸಾಕ ಹೋದೆ. ಅಂಚು ಹತ್ತಿತು.”

ಹಂಚಿನ ಅಂಚು ಅಲ್ಲಿ ಬಾಗಿಯೇ ಉಳಿದಿತ್ತು, ಅರ್ಧಚಂದ್ರದಂತೆ. ನರಸಿಂಗ ಕನ್ನಡಕ ಏರಿಸಿ ನೋಡಿದ, ಆಮೇಲೆ ಕಪ್ಪಿನ ಚಾ ಬಸಿಗೆ ಸುರಿದು ಕುಡಿದ. “ಹೌದ್ರಿ,” ಎಂದ, ಬಸಿಗೆ ಹೇಳಿದಂತೆ.

ವಿಜಯಶ್ರೀ ‘ಪತ್ತೆಯಿಲ್ಲ’ ಹೊಡೆದುಹಾಕಿ ಬರೆದರು: ‘ಈಗ ಇದೇ ಶಾಲೆಯ ಮುಖ್ಯ ಅಡುಗೆಯವರು.’

ಅಡುಗೆಮನೆಗೆ ಬಂದ ಮುಕ್ತಾಬಾಯಿ ಮಣೆಯ ಮೇಲೆ ಕೂತುಬಿಟ್ಟಳು. ಹನ್ನೊಂದು ವರ್ಷದಲ್ಲಿ ಒಲೆ ಉರಿಯುವಾಗ ಅವಳು ಕೂತಿದ್ದು ಅದೇ ಮೊದಲು.

“ಏನಾತು ಮುಕ್ತಕ್ಕಾ?” ಬೇಳೆ ತಿರುವುತ್ತಿದ್ದ ಸಹಾಯಕಿ ಸುಗ್ರಾ ಕೇಳಿದಳು.

“ಜಾಗ ರತ್ನಮಾಲಾಗ ಸಿಕ್ತು.”

“ಅಕಿ ಯಾರು? ಅಡಗಿ ಬರ್ತದೇನು ಅಕೀಗಿ?”

“ಹತ್ತು ವರ್ಷದಾಕಿ ಇದ್ದಾಗಿಂದ,” ಎಂದು ಮುಕ್ತಾಬಾಯಿ ಕಾಲು ಚಾಚಿದಳು. “ಬ್ಯಾಳಿ ತಳ ಹಿಡೀತದ, ತಿರುವು.”