ತಟ್ಟೆ ತೊಳೆದ ನೀರಿನ ತೋಟ

ನಮ್ಮ ಶಾಲೆಯಲ್ಲಿ ಮಕ್ಕಳಿಗಿಂತ ಮಂತ್ರಿಗಳೇ ಹೆಚ್ಚು. ಪ್ರತಿ ಶಾಲೆಯಲ್ಲೂ ಮಕ್ಕಳ ಸಂಸತ್ತು ಇರಬೇಕು, ಆರೋಗ್ಯ, ಆಹಾರ, ಶಿಸ್ತು, ಪರಿಸರ ಅಂತ ಖಾತೆ ಹಂಚಬೇಕು ಅನ್ನುವುದು ನಿಯಮ. ಗುಬ್ಬಿಯಿಂದ ಒಳಗೆ ಹೋಗುವ ಆ ಹಳ್ಳಿಯ ಶಾಲೆಯಲ್ಲಿ ಒಂದರಿಂದ ಐದರವರೆಗಿನ ಮಕ್ಕಳನ್ನೆಲ್ಲ ಕೂರಿಸಿದರೂ ಒಂದು ಜಗಲಿ ತುಂಬುತ್ತಿರಲಿಲ್ಲ. ಮೂಗು ಒರೆಸಿಕೊಳ್ಳಲು ಬಾರದವನೇ ಆರೋಗ್ಯ ಮಂತ್ರಿ. ಇದ್ದ ಒಬ್ಬಳೇ ಟೀಚರು ನಾನು. ಬೆಳಿಗ್ಗೆ ತುಮಕೂರಿನಲ್ಲಿ ಬಸ್ಸು ಹಿಡಿದು, ಗುಬ್ಬಿಯಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಯಾರದೋ ಹಾಲಿನ ಕ್ಯಾನಿನ ಪಕ್ಕ ಮುದುಡಿಕೊಂಡು ಬರುತ್ತಿದ್ದೆ. ದಾರಿಯಲ್ಲೇ ಅರ್ಧ ಸಿಟ್ಟು ಖರ್ಚಾಗುತ್ತಿತ್ತು, ಉಳಿದದ್ದು ಮಕ್ಕಳ ಪಾಲಿಗೆ.

ಪರಿಸರ ಖಾತೆ ಯಾರಿಗೂ ಬೇಡವಾಗಿತ್ತು. ಕಸ ಗುಡಿಸುವ ಕೆಲಸಕ್ಕೆ ಇಟ್ಟಿರುವ ಹೆಸರು ಅದು ಅಂತ ಎಲ್ಲರಿಗೂ ಗೊತ್ತಿತ್ತು. ಮೂರನೇ ತರಗತಿಯ ಒಂದು ಹುಡುಗಿ ಕೈಯೆತ್ತಿದಳು. ತೊಡೆಯ ಮೇಲೆ ತಂಗಿಯನ್ನು ಕೂರಿಸಿಕೊಂಡೇ ಎತ್ತಿದಳು. ತಂಗಿ ಆಗಿನ್ನೂ ಒಂದನೇ ತರಗತಿ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ, ತೆವಳಿಕೊಂಡು ನಾಲ್ಕು ಮಾರು ಹೋದರೆ ಹೆಚ್ಚು. ಅಪ್ಪ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ. ಮಕ್ಕಳು ಏಳುವ ಹೊತ್ತಿಗೆ ಇಬ್ಬರೂ ವ್ಯಾನು ಹತ್ತಿ ಹೋಗಿರುತ್ತಿದ್ದರು. ತಂಗಿಗೆ ಮುಖ ತೊಳೆಸಿ, ಜಡೆ ಹಾಕಿ, ಉಪ್ಪುಮೂಟೆ ಮಾಡಿಕೊಂಡು ಶಾಲೆಗೆ ತರುವವಳು ಅಕ್ಕ. ಅವರ ಮನೆ ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು, ಹಾಗಾಗಿ ಆ ಚಿಕ್ಕದು ಓದುತ್ತಿತ್ತು. ಇನ್ನೊಂದು ಸರ್ಕಾರಿ ಶಾಲೆ ಹೈವೇ ದಾಟಿ ಪಕ್ಕದೂರಿನಲ್ಲಿ. ಅಷ್ಟು ದೂರ ಹೊತ್ತುಕೊಂಡು ಹೋಗುವುದು ಆ ಪುಟ್ಟ ಬೆನ್ನಿಗೆ ಆಗುವ ಮಾತಲ್ಲ. ಸರ್ಕಾರ ಕೊಟ್ಟ ಗಾಲಿ ಕುರ್ಚಿ ಊರಿನ ರಸ್ತೆಯಲ್ಲಿ ಮೊದಲ ತಿಂಗಳೇ ಗಾಲಿ ಕಳಚಿಕೊಂಡು ಮೂಲೆ ಸೇರಿತ್ತು.

ಮಂತ್ರಿಯಾದ ವಾರದಲ್ಲೇ ಹುಡುಗಿ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಮಿಸ್, ಊಟ ಆದ್ಮೇಲೆ ಎಲ್ರೂ ನಲ್ಲಿ ತಾವ ತಟ್ಟೆ ತೊಳೀತಾರೆ. ನೀರೆಲ್ಲ ಮೋರಿಗೆ ಹೋಯ್ತದೆ. ಒಬ್ಬೊಬ್ರು ಒಂದೊಂದ್ ಗಿಡ ನೆಟ್ಕಂಡು ಅದ್ರ ಬುಡದಲ್ಲೇ ತೊಳೀಬೇಕು.”

“ಸೋಪಿನ ಪುಡಿ ನೀರು ಹುಯ್ದ್ರೆ ಗಿಡ ಸತ್ತೋಗುತ್ತೆ ಕಣೇ.”

“ಪುಡಿ ಯಾಕೆ ಮಿಸ್? ಹಂಡೆ ಒಲೆ ಬೂದಿ ಐತಲ್ಲ.”

ಮಾರನೆಯ ದಿನದಿಂದ ಮಕ್ಕಳು ಪುಸ್ತಕದ ಜೊತೆ ಮನೆಯಿಂದ ಬೂದಿಯನ್ನೂ ಪೊಟ್ಟಣ ಕಟ್ಟಿ ತರತೊಡಗಿದರು. ನುಗ್ಗೆ, ಕರಿಬೇವು, ನೆಲ್ಲಿ, ಪಪ್ಪಾಯಿ, ಯಾರಿಗೆ ಏನು ಸಿಕ್ಕಿತೋ ಅದು ಬಂತು. ತಂಗಿಯ ಪಾಲಿಗೆ ಬಂದದ್ದು ಸೀಬೆ ಗಿಡ. ಅದನ್ನು ಅಕ್ಕ ಶಾಲೆಯ ಮೆಟ್ಟಿಲಿನ ಪಕ್ಕಕ್ಕೇ ನೆಟ್ಟಳು. ಆ ಚಿಕ್ಕದು ಮೆಟ್ಟಿಲ ಮೇಲೆ ಕೂತಲ್ಲಿಂದಲೇ ತಟ್ಟೆ ತೊಳೆಯಬಹುದಿತ್ತು. ಊಟವಾದ ಮೇಲೆ ಎಲ್ಲರೂ ತಂತಮ್ಮ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ತಟ್ಟೆ ಉಜ್ಜುವಾಗ ಇವಳು ಮಾತ್ರ ಮೆಟ್ಟಿಲ ಮೇಲೆ ರಾಣಿಯ ಹಾಗೆ ಕೂತಿರುತ್ತಿದ್ದಳು. ಅನ್ನದ ಅಗುಳು ಒಂದೂ ವ್ಯರ್ಥವಾಗದಂತೆ ಬುಡಕ್ಕೆ ಬಗ್ಗಿಸಿ, “ತಿನ್ನು, ತಿನ್ನು” ಅನ್ನುತ್ತಿದ್ದಳು.

ಮಂತ್ರಿಯ ದರ್ಬಾರು ಜೋರಾಗಿತ್ತು. ಚಿಪ್ಸ್ ಪೊಟ್ಟಣ ತಂದವರು ಎಲ್ಲರ ಗಿಡಕ್ಕೂ ಒಂದೊಂದು ಚೊಂಬು ನೀರು ಹಾಕಬೇಕು. ಬಿಸಿಯೂಟದ ಅಡುಗೆಯಮ್ಮ ತರಕಾರಿ ಸಿಪ್ಪೆಯನ್ನು ಗೇಟಿನಾಚೆ ಎಸೆಯುವಂತಿಲ್ಲ. “ಅಯ್ಯೋ ನಮ್ಮವ್ವ, ಸಿಪ್ಪೆಗೂ ನಿನ್ ಪರ್ಮಿಶನ್ ಬೇಕಾ?” ಎಂದು ಆಕೆ ಸೊಂಟಕ್ಕೆ ಕೈಯಿಟ್ಟು ರೇಗಿಸುತ್ತಿದ್ದಳು, ಆದರೂ ಗೊಬ್ಬರದ ಗುಂಡಿಗೇ ಹಾಕುತ್ತಿದ್ದಳು. ಒಂದು ದಿನ ಶಾಲಾ ಸಮಿತಿಯ ಅಧ್ಯಕ್ಷರು ಮಾತಾಡುತ್ತಾ ಬೀಡಿ ತುಂಡನ್ನು ನೆಲ್ಲಿ ಗಿಡದ ಬುಡಕ್ಕೆ ಹಾಕಿದರು. “ಮಾಮ, ಎತ್ಕಳಿ” ಎಂದಳು ಹುಡುಗಿ. ಊರಿನಲ್ಲಿ ಯಾರ ಮಾತಿಗೂ ಬಗ್ಗದ ಮನುಷ್ಯ ಬಗ್ಗಿ ಎತ್ತಿಕೊಂಡರು. ಅವರ ಮೊಮ್ಮಗನೂ ನಮ್ಮ ಶಾಲೆಯಲ್ಲೇ ಇದ್ದ, ತಾತನ ಫಜೀತಿ ನೋಡಿ ಅವನಿಗೆ ತಡೆಯಲಾರದಷ್ಟು ನಗು.

ಇದನ್ನೆಲ್ಲ ಬರೆಯುವಾಗ ನನಗೆ ಖುಷಿಯಾಗಬೇಕು. ಆಗುವುದಿಲ್ಲ.

ಒಂದು ವರ್ಷ ಕಳೆಯಿತು. ಮಂತ್ರಿ ನಾಲ್ಕನೇ ತರಗತಿಗೆ ಬಂದಿದ್ದಳು. ಇಲಾಖೆಯ ಮೇಲಿನವರೊಬ್ಬರು ಶಾಲೆ ನೋಡಲು ಬಂದರು. ಮಕ್ಕಳು ಕಡಿಮೆ, ಹೀಗೇ ಆದರೆ ಪಕ್ಕದೂರಿಗೆ ವಿಲೀನ ಮಾಡಬೇಕಾಗುತ್ತದೆ ಎಂದು ಮಕ್ಕಳ ಮುಂದೆಯೇ ನನಗೆ ಹೇಳಿದರು. ಆಮೇಲೆ ಹೊರಗೆ ಬಂದು ತೋಟ ನೋಡಿದರು. ನುಗ್ಗೆ ಆಗಲೇ ಸೂರಿನ ಎತ್ತರಕ್ಕೆ ಬಂದಿತ್ತು. ಅವತ್ತಿನ ಸಾರಿಗೆ ಬಿದ್ದದ್ದೂ ಅದರ ಸೊಪ್ಪೇ. ಮನುಷ್ಯ ನಿಜಕ್ಕೂ ಮನಸೋತರು. “ಇಂಥ ತೋಟ ಇರೋ ಶಾಲೇನ ಮುಚ್ಚೋಕೆ ಯಾರಿಗಮ್ಮ ಮನಸ್ಸು ಬರುತ್ತೆ? ಜಿಲ್ಲೆ ಪರಿಸರ ಬಹುಮಾನಕ್ಕೆ ಹಾಕಿ” ಎಂದರು.

ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದ ಹುಡುಗಿ ಕೇಳಿಸಿಕೊಂಡಳು.

ಅವತ್ತಿನಿಂದ ಅವಳಿಗೆ ಅದು ತೋಟವಾಗಿ ಉಳಿಯಲಿಲ್ಲ. ಗಿಡ ಇದ್ದರೆ ಬಹುಮಾನ, ಬಹುಮಾನ ಬಂದರೆ ಶಾಲೆ, ಶಾಲೆ ಇದ್ದರೆ ತಂಗಿಗೆ ಓದು. ಅವಳ ತಲೆಯಲ್ಲಿ ಇದು ಮಗ್ಗಿಯ ಹಾಗೆ ಕೂತುಬಿಟ್ಟಿತು. ಬೇಸಿಗೆಯ ಹೊತ್ತಿಗೆ ಶಾಲೆಯ ಬೋರ್‌ವೆಲ್ ಕೈಕೊಟ್ಟಿತು. ಬಿಸಾಡಿದ ಬಾಟಲಿಗಳನ್ನು ಆರಿಸಿ ತಂದು, ತಳಕ್ಕೆ ತೂತು ಹೊಡೆದು, ನೀರು ತುಂಬಿ ಪ್ರತಿ ಗಿಡಕ್ಕೂ ಕಟ್ಟಿದಳು. ಮನೆಯಲ್ಲಿ ತಾವಿಬ್ಬರೂ ಸ್ನಾನ ಮಾಡಿದ ನೀರನ್ನೂ ಬಿಡುತ್ತಿರಲಿಲ್ಲವಂತೆ. ಅವಳಮ್ಮ ಒಂದು ಭಾನುವಾರ ನನಗೆ ಫೋನು ಮಾಡಿ, “ಮೇಡಂ, ಈ ಮುಂಡೇದು ಕುಡಿಯೋ ನೀರ್ನೂ ಗಿಡಕ್ಕೆ ಹುಯ್ದವ್ಳೆ, ಒಂದ್ ಮಾತು ಹೇಳಿ” ಎಂದು ಗೋಳು ತೋಡಿಕೊಂಡಳು. ಹೇಳಿದೆ. ಕೇಳುವವಳೇ ಅವಳು!

ಬಹುಮಾನ ಬಂತು. ತುಮಕೂರಿನ ದೊಡ್ಡ ಸಭಾಂಗಣ, ಹೊರಗೆ ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ. ಹುಡುಗಿಯ ಯೂನಿಫಾರ್ಮನ್ನು ನಾನೇ ಇಸ್ತ್ರಿ ಮಾಡಿಸಿದ್ದೆ. ನಾಲ್ಕು ಮಾತಾಡು ಎಂದು ಮೈಕು ಕೊಟ್ಟರು. ಬಾಯಿಪಾಠ ಮಾಡಿಸಿದ್ದ ಭಾಷಣವನ್ನು ಅವಳು ಅರ್ಧಕ್ಕೇ ಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಗಣ್ಯರೊಬ್ಬರ ಕಡೆ ತಿರುಗಿ, “ಇನ್ನು ನಮ್ ಸ್ಕೂಲ್ ಮುಚ್ಚಲ್ಲ ಅಲ್ವಾ ಸಾರ್?” ಎಂದು ಮೈಕಿನಲ್ಲೇ ಕೇಳಿಬಿಟ್ಟಳು. ಇಡೀ ಸಭೆ ನಕ್ಕಿತು. ಅವರು ಕೆನ್ನೆ ತಟ್ಟಿ, “ಯಾರ್ ಮುಚ್ತಾರಮ್ಮ, ಹೇಳು ನಂಗೆ” ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಕಣ್ಣಲ್ಲಿ ನೀರು ಬಂದಿತ್ತು.

ಮಾರನೆಯ ದಿನ ಪೇಪರಿನಲ್ಲಿ ಅವಳ ಫೋಟೋ. ಆ ಪೇಪರು ನಮ್ಮ ಮನೆಗೂ ಬಂತು, ಬೇರೆಯವರ ಮನೆಗೂ ಹೋಯಿತು. ವಾರ ಕಳೆಯುವುದರೊಳಗೆ ಒಂದು ಕಾರು ಹಳ್ಳಿಗೆ ಬಂದು, ಶಾಲೆಯ ಮುಂದೆ ನಿಲ್ಲದೆ ನೇರ ಹಿಂದಿನ ಮನೆಗೆ ಹೋಯಿತು. ದೂರದ ಒಂದು ಖಾಸಗಿ ಇಂಗ್ಲಿಷ್ ಶಾಲೆಯವರು. ಇಂಥ ಹುಡುಗಿ ನಮ್ಮಲ್ಲಿರಬೇಕು, ಫೀಸು ಬೇಡ, ಪುಸ್ತಕ ಬೇಡ, ವ್ಯಾನು ನಾವೇ ಕಳಿಸುತ್ತೇವೆ ಎಂದರಂತೆ.

ಅವಳಪ್ಪ ರಜೆ ಹಾಕಿ ನನ್ನ ಹತ್ತಿರ ಟಿಸಿ ಕೇಳಲು ಬಂದ. ಅವನನ್ನು ನೋಡುತ್ತಲೇ ನನಗೆ ಪಿತ್ತ ನೆತ್ತಿಗೇರಿತು.

“ಏನಪ್ಪಾ, ಫೋಟೋ ಬಂದಿದ್ದೇ ತಡ, ನಾವು ಬೇಡ್ವಾದ್ವಾ? ಆ ಚಿಕ್ಕದರ ಗತಿ ಏನು?”

ಅವನು ತಲೆ ತಗ್ಗಿಸಿಕೊಂಡೇ ಮಾತಾಡಿದ. “ಅವ್ಳಿಗೂ ಕೇಳ್ದೆ ಮೇಡಂ. ಕ್ಲಾಸ್ ಮಹಡಿ ಮೇಲವೆ, ಅಂಥ ಮಕ್ಳಿಗೆ ನಮ್ಮಲ್ಲಿ ಆಗಲ್ಲ ಅಂದ್ರು. ಅವ್ಳು ಇಲ್ಲೇ ನಿಮ್ ತಾವೇ ಇರ್ತಾಳೆ ಬುಡಿ. ಬೆಳಿಗ್ಗೆ ಬಿಡಕ್ಕೆ ಪಕ್ಕದ್ ಮನೆಯೋರ್ಗೆ ಹೇಳಿವ್ನಿ. ದೊಡ್ಡೋಳು ನಾಲ್ಕಕ್ಷರ ಇಂಗ್ಲಿಷ್ ಕಲ್ತು ಒಂದ್ ಕೆಲ್ಸ ಅಂತ ಹಿಡಿದ್ರೆ ತಾನೇ ನಾಳೆ ತಂಗೀನ ನೋಡ್ಕಳೋದು? ನಾವೇನ್ ಕೊನೇಗಂಟ ಇರ್ತೀವಾ ಮೇಡಂ?”

ಇದಕ್ಕೆ ಏನಂತ ಬೈಯುವುದು? ಟಿಸಿ ಬರೆದುಕೊಟ್ಟೆ.

ಒಬ್ಬಳೇ ಹೋಗಿದ್ದರೆ ಶಾಲೆ ಉಳಿಯುತ್ತಿತ್ತು. ಆದರೆ ಬಹುಮಾನ ತಂದ ಹುಡುಗಿಯೇ ಬಿಟ್ಟು ಹೋದಳು ಅಂದರೆ ಅಲ್ಲಿ ಏನಿದೆ ಎಂದು ಊರು ಮಾತಾಡಿತು. ಮನೆ ಬಾಗಿಲಿಗೆ ವ್ಯಾನಂತೂ ಬರುತ್ತಿತ್ತು. ಸಮಿತಿಯ ಅಧ್ಯಕ್ಷರೇ ಮೊಮ್ಮಗನ ಟಿಸಿಗೆ ಬಂದರು. ನನ್ನ ಮುಖ ನೋಡಲಾರದೆ ನುಗ್ಗೆ ಮರವನ್ನೇ ನೋಡುತ್ತಾ, “ಫೀಸ್ ಕಟ್ತೀನಿ ಬುಡಿ, ಏನ್ಮಾಡದು, ಸೊಸೆ ಬುಡಾಕಿಲ್ಲ ಅಂತಾಳೆ” ಎಂದರು. ಜೂನ್ ತಿಂಗಳಿಗೆ ಉಳಿದವರು ಒಂದು ಕೈಯ ಬೆರಳಿನಲ್ಲಿ ಎಣಿಸುವಷ್ಟು. ಆಗ ಬಂತು ಆದೇಶ. ಮುಚ್ಚುವುದು ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ, ವಿಲೀನ ಎಂದಿತ್ತು. ಎಷ್ಟು ಮೆತ್ತಗಿನ ಮಾತು ನೋಡಿ! ಆ ಚಿಕ್ಕದರ ಹೆಸರನ್ನೂ ಪಕ್ಕದೂರಿನ ಶಾಲೆಗೆ ವಿಲೀನ ಮಾಡಿದರು. ಹೆಸರು ಹೈವೇ ದಾಟಿತು, ಹುಡುಗಿ ಮನೆಯಲ್ಲೇ ಉಳಿದಳು. ಆಗಾಗ ಒಬ್ಬರು ಮನೆಗೇ ಬಂದು ಪಾಠ ಹೇಳಿಕೊಡುತ್ತಾರೆ ಎಂದು ಇಲಾಖೆಯವರು ನನಗೆ ಸಮಾಧಾನ ಹೇಳಿದರು. ಉಳಿದಷ್ಟೂ ದಿನ ಅವಳು ಏನು ಮಾಡಬೇಕು ಎಂದು ಕೇಳಿದೆ. ಸಿಟ್ಟು ಮಾಡ್ಕೋಬೇಡಿ ಮೇಡಂ ಎಂದರು.

ನನ್ನನ್ನು ಕುಣಿಗಲ್ ತಾಲ್ಲೂಕಿಗೆ, ಕೊತ್ತಗೆರೆ ಕಡೆಯ ಒಂದು ಶಾಲೆಗೆ ಹಾಕಿದರು. ಅಲ್ಲೂ ಮಕ್ಕಳಿದ್ದಾರೆ, ಮಂತ್ರಿಗಳಿದ್ದಾರೆ. ಪರಿಸರ ಖಾತೆಯನ್ನು ನಾನು ಯಾರಿಗೂ ಕೊಡಲಿಲ್ಲ, ನಾನೇ ಇಟ್ಟುಕೊಂಡೆ.

ದಸರಾ ರಜೆಯಲ್ಲಿ ಮನಸ್ಸು ತಡೆಯಲಿಲ್ಲ. ಒಂದು ಶನಿವಾರ ಗುಬ್ಬಿಗೆ ಹೋಗಿ, ಅದೇ ಆಟೋ ಹಿಡಿದು ಹಳ್ಳಿಯಲ್ಲಿ ಇಳಿದೆ. ಶಾಲೆಯ ಗೇಟಿಗೆ ಬೀಗ. ಬಹುಮಾನದ ಫಲಕ ಗೋಡೆಯ ಮೇಲೆ ಹಾಗೇ ಇತ್ತು. ಅದರ ಕೆಳಗೆ ತೋಟವಿರಲಿಲ್ಲ. ಕರಿಬೇವು, ನೆಲ್ಲಿ, ಪಪ್ಪಾಯಿ ಎಲ್ಲ ಬೇರು ಮೇಲಾಗಿ ಒಣಗಿ ಬಿದ್ದಿದ್ದವು. ನುಗ್ಗೆಯನ್ನು ಬುಡದಲ್ಲಿ ಮಚ್ಚಿನಿಂದ ಕಚ್ಚು ಕಚ್ಚಾಗಿ ಕಡಿದು ಬೀಳಿಸಲಾಗಿತ್ತು, ಕೈಯಲ್ಲಿ ಬಲವಿಲ್ಲದ ಯಾರೋ ಕಡಿದ ಹಾಗಿತ್ತು. ದನ ನುಗ್ಗಿದ್ದರೆ ಬೇರೆ ಥರ ಇರುತ್ತಿತ್ತು. ಮೆಟ್ಟಿಲ ಪಕ್ಕದ ಸೀಬೆ ಗಿಡ ಒಂದೇ ನೆಟ್ಟಗೆ ನಿಂತಿತ್ತು. ಅದರ ಬುಡ ಒದ್ದೆಯಾಗಿತ್ತು.

ಅಷ್ಟರಲ್ಲಿ ಹಳದಿ ವ್ಯಾನು ಬಂತು. ಆ ಶಾಲೆಗೆ ರಜೆಯಲ್ಲೂ ಸ್ಪೆಷಲ್ ಕ್ಲಾಸಂತೆ. ಟೈ, ಬೂಟು, ಬೆನ್ನ ಮೇಲೆ ದೊಡ್ಡ ಬ್ಯಾಗು. ತಂಗಿಯನ್ನು ಹೊರುತ್ತಿದ್ದ ಬೆನ್ನು. ನನ್ನನ್ನು ಕಂಡು ಅವಳು ಓಡಿ ಬರಲಿಲ್ಲ. ನಿಧಾನವಾಗಿ ಬಂದು ಗೇಟು ಹಿಡಿದು ನಿಂತಳು. ಪಕ್ಕದ ಸಂದಿಯಾಚೆ ಕಾಣುವ ಹಿಂದಿನ ಮನೆಯ ಹೊಸ್ತಿಲಲ್ಲಿ ತಂಗಿ ಕೂತು ನಮ್ಮನ್ನೇ ನೋಡುತ್ತಿದ್ದಳು.

“ನೋಡಿದ್ರಾ ಮಿಸ್? ತೋಟ ಇಲ್ಲ ಈಗ.”

“ಯಾವ ಪಾಪಿ ಮಾಡಿದ್ದು ಇದನ್ನ?”

“ನಾನೇ.”

“ನಿನ್ ಕೈ ಸೇದೋಗ!” ಎಂದು ನಾನು ಕೂಗಿಬಿಟ್ಟೆ. ಒಂದು ಎಲೆ ಕಿತ್ತವರನ್ನೂ ಅಟ್ಟಾಡಿಸಿ ಹೊಡೆಯುತ್ತಿದ್ದ ಹುಡುಗಿ ಇದು. “ಯಾಕೇ? ಏನ್ ಬಂದಿತ್ತು ನಿಂಗೆ?”

ಅವಳು ಅಳಲಿಲ್ಲ. ದಡ್ಡಿಗೆ ಲೆಕ್ಕ ಬಿಡಿಸಿ ಹೇಳುವಂತೆ ನನಗೆ ಹೇಳಿದಳು. “ತೋಟ ನೋಡಿ ತಾನೇ ಮಿಸ್ ಬಹುಮಾನ ಕೊಟ್ಟಿದ್ದು? ಬಹುಮಾನ ನೋಡಿ ತಾನೇ ಇವ್ರು ನನ್ನ ಕರ್ಕಂಡಿದ್ದು? ನನ್ನ ನೋಡಿ ತಾನೇ ಎಲ್ರೂ ಹೋಗಿದ್ದು? ಈಗ ತೋಟ ಇಲ್ಲ. ನೀವು ತುಮಕೂರಲ್ಲಿ ಅವ್ರಿಗೆ ಹೇಳ್ಬುಡಿ. ಬಹುಮಾನ ವಾಪಸ್ ತಗತಾರೆ, ಇವ್ರು ನನ್ನ ಕಳಿಸ್ಬುಡ್ತಾರೆ, ಎಲ್ರೂ ವಾಪಸ್ ಬತ್ತಾರೆ. ಆಗ ನಮ್ ಸ್ಕೂಲ್ ಬಾಗ್ಲು ತೆಗೀತಾರೆ. ಹೇಳ್ತೀರಾ ಮಿಸ್?”

ಸುಮ್ಮನೆ ಏನಾದರೂ ಕೇಳಬೇಕಲ್ಲ ಎಂದು, ಸೀಬೆ ಗಿಡ ಒಂದನ್ನು ಯಾಕೆ ಬಿಟ್ಟೆ ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ಅದು ಅವ್ಳುದು ಮಿಸ್. ಸ್ಕೂಲ್ ತೆಗೆದ್ಮೇಲೆ ಅವ್ಳು ತಟ್ಟೆ ಎಲ್ಲಿ ತೊಳೀತಾಳೆ?”